ಬೇಕೆಂದೇ ಕೆಡುವ ಸರ್ವರ್

"ಸರ್ವರ್ ಇಲ್ರೀ ಯಜಮಾನ್ರ, ನಾಳೆ ಬರ್ರಿ."

ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯೊಂದನ್ನು ಬಿಟ್ಟರೆ ಉಳಿಯುವ ತಾಲ್ಲೂಕುಗಳು ಐದು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಪಹಣಿಗೆ, ಜಾತಿ ಪ್ರಮಾಣಪತ್ರಕ್ಕೆ, ತಿಂಗಳ ಅಕ್ಕಿಗೆ ಇಲ್ಲಿ ಸರದಿ ನಿಂತವರಿಗೆ ಈ ಮಾತು ಹೊಸದಲ್ಲ. ಮಾತು ಒಂದೇ, ಅದರ ಹಿಂದಿನ ಕಾಯಿಲೆಗಳು ಮಾತ್ರ ಹಲವು. ರಸ್ತೆ ಅಗಲ ಮಾಡುವ ಜೆಸಿಬಿ ನೆಲದೊಳಗಿನ ಫೈಬರ್ ಕತ್ತರಿಸಿರಬಹುದು. ಸರ್ವರ್ ನೆಟ್ಟಗಿದ್ದು, ಅದರ ಹೆಸರನ್ನು ವಿಳಾಸವಾಗಿ ತಿರುಗಿಸಿಕೊಡುವ ಡಿಎನ್‌ಎಸ್ ವ್ಯವಸ್ಥೆ ಬಾಯಿ ಬಿಡದಿರಬಹುದು. ಯಂತ್ರ ಎದ್ದಿದ್ದು ಅದರೊಳಗಿನ ತಂತ್ರಾಂಶ ಮಲಗಿರಬಹುದು. ಉತ್ತರ ಅರ್ಧ ಬಂದು ನಿಂತಿರಬಹುದು. ಇಲ್ಲವೇ ಅಲ್ಲಿ ಕೆಲಸವೆಲ್ಲ ಮುಗಿದು, ಮುಗಿಯಿತೆಂಬ ಸುದ್ದಿಯೊಂದೇ ದಾರಿಯಲ್ಲಿ ಕಳೆದಿರಬಹುದು.

ಕೌಂಟರಿನಲ್ಲಿ ಕೂತವರು ಮಾಡಬೇಕಾದದ್ದು ಪ್ರತಿಯೊಂದಕ್ಕೂ ಬೇರೆ. ಮೊದಲನೆಯದಕ್ಕೆ ಲೈನ್‌ಮನ್‌ಗೆ ಫೋನು ಮಾಡಬೇಕು. ಮೂರನೆಯದಕ್ಕೆ ಹತ್ತು ನಿಮಿಷ ಕಾದರೆ ಸಾಕು. ಕೊನೆಯದರಲ್ಲಿ ಮಾತ್ರ ಅಪಾಯವಿದೆ: ಗುಂಡಿಯನ್ನು ಮತ್ತೊಮ್ಮೆ ಒತ್ತಿದರೆ ಒಂದೇ ಕೆಲಸ ಎರಡು ಸಲ ನಡೆದುಹೋದೀತು. ಇವೆಲ್ಲಕ್ಕೂ ಪರದೆಯ ಮೇಲೆ ಒಂದೇ ಸಂದೇಶ ಮೂಡುತ್ತಿದ್ದರೆ, ಆ ತಂತ್ರಾಂಶ ಬರೆದವರು ಈ ಗತಿಗಳನ್ನು ಒಂದೊಂದಾಗಿ ಕಂಡಿಲ್ಲವೆಂದೇ ಅರ್ಥ. ಕಾಣುವುದಕ್ಕೆ ಅವರು ಕೂಡ್ಲಿಗಿಗೆ ಬಂದು ಕೂರಬೇಕಾಗಿಲ್ಲ. ಕೆಡುವ ಸರ್ವರೊಂದನ್ನು ತಮ್ಮ ಮೇಜಿನ ಮೇಲೇ ಕಟ್ಟಿಕೊಳ್ಳಬಹುದು.

ಅದಕ್ಕೆ ಬೇಕಾದ ಜಾಗ ಪ್ರತಿ ಕಂಪ್ಯೂಟರಿನಲ್ಲೂ ಇದೆ. 127.0.0.1 ಎಂಬ ವಿಳಾಸಕ್ಕೆ ಕಳಿಸಿದ ಮಾಹಿತಿಯ ಪ್ಯಾಕೆಟ್ ಯಂತ್ರ ಬಿಟ್ಟು ಹೊರಗೆ ಹೋಗುವುದಿಲ್ಲ. ಹೋದಂತೆ ಮಾಡಿ ಒಳಗೇ ತಿರುಗಿ ಬರುತ್ತದೆ. ಇದಕ್ಕೆ ಲೂಪ್‌ಬ್ಯಾಕ್ ಎನ್ನುತ್ತಾರೆ. ಸರ್ವರ್ ಮತ್ತು ಅದನ್ನು ಕೇಳುವ ಗ್ರಾಹಕ ತಂತ್ರಾಂಶ ಎರಡೂ ಒಂದೇ ಲ್ಯಾಪ್‌ಟಾಪಿನಲ್ಲಿ ಕೂತು ಇದರ ಮೂಲಕ ಮಾತಾಡಬಲ್ಲವು. ಒಂದು ವಿಳಾಸದಲ್ಲಿ ಪೋರ್ಟ್ ಎಂಬ, ಸಂಖ್ಯೆ ಹೊತ್ತ 65,535 ಬಾಗಿಲುಗಳಿರುತ್ತವೆ, ಸರ್ವರ್ ಅವುಗಳಲ್ಲೊಂದನ್ನು ಹಿಡಿದು ಕೂರಬೇಕು. ಇಲ್ಲೊಂದು ಸಣ್ಣ ಆದರೆ ಮುಖ್ಯವಾದ ಅಭ್ಯಾಸವಿದೆ. ಪರೀಕ್ಷೆಯ ಸರ್ವರಿಗೆ 8080 ಎಂದೋ 9000 ಎಂದೋ ಪೋರ್ಟ್ ಗೊತ್ತುಮಾಡಿದರೆ, ಎರಡು ಪರೀಕ್ಷೆಗಳು ಒಟ್ಟಿಗೆ ಓಡಿದ ದಿನ ಎರಡನೆಯದು ಬಿದ್ದುಹೋಗುತ್ತದೆ. ಪೋರ್ಟ್ 0 ಬೇಕೆಂದು ಕೇಳಿದರೆ, ಆ ಗಳಿಗೆಯಲ್ಲಿ ಬಿಡುವಾಗಿರುವ ಯಾವುದಾದರೊಂದನ್ನು ಕಾರ್ಯಾಚರಣೆ ವ್ಯವಸ್ಥೆಯೇ ಆರಿಸಿ ಕೊಡುತ್ತದೆ. ಆ ಸಂಖ್ಯೆಯನ್ನು ಗ್ರಾಹಕ ತಂತ್ರಾಂಶಕ್ಕೆ ತಿಳಿಸಿದರಾಯಿತು. ಇನ್ನೊಂದು ನಿಯಮವೂ ಇದೆ. ಸರ್ವರ್ ಎದ್ದಿತೇ ಎಂದು ತಿಳಿಯಲು ಎರಡು ಸೆಕೆಂಡು ಸುಮ್ಮನೆ ಕಾಯಬಾರದು, ಅದು ಪೋರ್ಟ್ ಹಿಡಿದದ್ದನ್ನು ಖಚಿತ ಮಾಡಿಕೊಂಡೇ ಮುಂದೆ ಹೋಗಬೇಕು. ಒಂದು ದಿನ ಪಾಸಾಗಿ ಮರುದಿನ ಕಾರಣವಿಲ್ಲದೆ ಫೇಲಾಗುವ ಪರೀಕ್ಷೆಗಳಲ್ಲಿ ಹಲವು ಈ ಎರಡು ತಪ್ಪಿನಿಂದ ಹುಟ್ಟಿದವು. ಹಾಗೆ ಓಲಾಡುವ ಪರೀಕ್ಷೆಯನ್ನು ನಾಲ್ಕು ದಿನದಲ್ಲಿ ಯಾರೂ ನಂಬುವುದಿಲ್ಲ.

ಲೂಪ್‌ಬ್ಯಾಕ್‌ನ ದೋಷವೆಂದರೆ ಅದರ ಅತಿಯಾದ ಒಳ್ಳೆಯತನ. ಅಲ್ಲಿ ಕೇಳಿ ಉತ್ತರ ಪಡೆಯಲು ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಕಾಗದು. ನಿಜವಾದ ದಾರಿಯ ಲೆಕ್ಕ ಬೇರೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಕೂಡ್ಲಿಗಿಯಿಂದ ಬೆಂಗಳೂರಿಗೆ 300 ಕಿ.ಮೀ. ಎಂದುಕೊಂಡರೆ ಹೋಗಿ ಬರಲು 3 ಮಿಲಿಸೆಕೆಂಡು. ನಡುವಿನ ರೂಟರ್‌ಗಳು, ಸುತ್ತು ದಾರಿಗಳು ಸೇರಿ ಅದು ಕೆಲವು ಪಟ್ಟು ಬೆಳೆದರೂ ಚಿಂತೆಯಿಲ್ಲ. ಆದರೆ ಈ ತಾಲ್ಲೂಕುಗಳಿಗೆ ಸರ್ಕಾರಿ ಕಂಪ್ಯೂಟರ್ ಬಂದದ್ದು ಫೈಬರಿನ ಜೊತೆಗಲ್ಲ. ಭೂಮಿ ಯೋಜನೆ ಈ ಶತಮಾನದ ಆರಂಭದಲ್ಲಿ 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ಸರ್ವರ್ ಇದ್ದದ್ದು ತಾಲ್ಲೂಕು ಕಚೇರಿಯ ಒಳಗೇ. ಆಗ 15 ರೂಪಾಯಿ ಕೊಟ್ಟು ಪಹಣಿ ಪಡೆಯುತ್ತಿದ್ದ ರೈತನಿಗೂ ಅವನ ದಾಖಲೆಗೂ ನಡುವೆ ಇದ್ದದ್ದು ಒಂದು ಗೋಡೆಯಷ್ಟೇ ಅಂತರ. 2006ರ ಹೊತ್ತಿಗೆ ಹೋಬಳಿಗಳಲ್ಲಿ ನೆಮ್ಮದಿ ಕೇಂದ್ರಗಳು ತೆರೆದವು, ರಾಜ್ಯದಾದ್ಯಂತ ಸುಮಾರು 800. ಅವುಗಳಿಗೆ ಸಂಪರ್ಕವಿದ್ದದ್ದು ವಿಸ್ಯಾಟ್ ತಟ್ಟೆಯ ಮೂಲಕ, ಅಂದರೆ ಉಪಗ್ರಹದ ಮೂಲಕ.

ಭೂಸ್ಥಿರ ಉಪಗ್ರಹ ಇರುವುದು 35,786 ಕಿ.ಮೀ. ಎತ್ತರದಲ್ಲಿ. ಪ್ರಶ್ನೆ ಮೇಲೆ ಹೋಗಿ ಕೆಳಗೆ ಬರಲು ಸುಮಾರು 240 ಮಿಲಿಸೆಕೆಂಡು, ಉತ್ತರಕ್ಕೆ ಮತ್ತೆ ಅಷ್ಟೇ. ಒಟ್ಟು ಹತ್ತಿರ ಹತ್ತಿರ ಅರ್ಧ ಸೆಕೆಂಡು. ಯಾವ ಎಂಜಿನಿಯರೂ ಇದನ್ನು ಕಡಿಮೆ ಮಾಡಲಾರ, ಏಕೆಂದರೆ ಇದು ಬೆಳಕಿನ ವೇಗದ ಮಿತಿ. ಈಗ ಒಂದು ಅರ್ಜಿಯ ಪುಟ ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಹೀಗೆ ಒಂದರ ಉತ್ತರ ಬಂದ ಮೇಲೆ ಇನ್ನೊಂದನ್ನು ಕೇಳುತ್ತಾ 40 ಪ್ರಶ್ನೆ ಹಾಕುತ್ತದೆ ಎನ್ನಿ. ಬರೆದವರ ಲ್ಯಾಪ್‌ಟಾಪಿನಲ್ಲಿ 4 ಮಿಲಿಸೆಕೆಂಡಿನಲ್ಲಿ ಮುಗಿಯುವ ಆ ಪುಟ ವಿಸ್ಯಾಟ್ ಮೇಲೆ 20 ಸೆಕೆಂಡು ತಿನ್ನುತ್ತದೆ. ಪ್ರತಿ ಪ್ರಶ್ನೆಗೂ ಹೊಸ ಸಂಪರ್ಕ ಕುದುರಿಸುವ ಅಭ್ಯಾಸವಿದ್ದರೆ ಅದೂ ದುಪ್ಪಟ್ಟು, ಏಕೆಂದರೆ ಅಂತರ್ಜಾಲದ ಸಾಗಣೆ ನಿಯಮವಾದ ಟಿಸಿಪಿಯಲ್ಲಿ ಸಂಪರ್ಕದ ಕೈಕುಲುಕಿಗೇ ಒಂದು ಸುತ್ತು ಖರ್ಚಾಗುತ್ತದೆ. ಗೂಢಲಿಪಿಯ ಒಪ್ಪಂದ ಸೇರಿದರೆ ಇನ್ನೊಂದೆರಡು ಸುತ್ತು. ತಂತ್ರಾಂಶದಲ್ಲಿ ತಪ್ಪಿಲ್ಲ, ಸರ್ವರಿಗೂ ಆಯಾಸವಿಲ್ಲ. ಆದರೂ ಸರದಿ ಕರಗುವುದಿಲ್ಲ.

ಈ ದೂರವನ್ನು ಮೇಜಿನ ಮೇಲೆ ತರುವ ಸಾಧನ ಲಿನಕ್ಸ್‌ನಲ್ಲಿ ಉಚಿತವಾಗಿಯೇ ಇದೆ, ಹೆಸರು ನೆಟ್‌ಎಮ್. ಹೊರಹೋಗುವ ಪ್ರತಿ ಪ್ಯಾಕೆಟನ್ನು ಹೇಳಿದಷ್ಟು ಹೊತ್ತು ಹಿಡಿದಿಟ್ಟು ಬಿಡುವುದು, ನೂರಕ್ಕೆ ಇಷ್ಟು ಎಂದು ಎತ್ತಿ ಎಸೆಯುವುದು, ಸಾಲು ತಪ್ಪಿಸಿ ಕಳಿಸುವುದು, ಒಂದನ್ನೇ ಎರಡು ಸಲ ಕಳಿಸುವುದು ಅದರ ಕೆಲಸ. ಇದರ ಜೊತೆ ನೆಟ್‌ವರ್ಕ್ ನೇಮ್‌ಸ್ಪೇಸ್ ಎಂಬ ಸೌಲಭ್ಯ ಸೇರಿದರೆ ಒಂದೇ ಲ್ಯಾಪ್‌ಟಾಪನ್ನು ಹಲವು ಬೇರೆ ಬೇರೆ ಯಂತ್ರಗಳಂತೆ ನಡೆಸಬಹುದು. ಪ್ರತಿಯೊಂದಕ್ಕೂ ತನ್ನದೇ ವಿಳಾಸ, ತನ್ನದೇ ತಂತಿ. ಒಂದಕ್ಕೆ ಬೆಂಗಳೂರು ಎಂದು ಹೆಸರಿಟ್ಟು ಸರ್ವರ್ ಕೂರಿಸಿ. ಉಳಿದ ಐದಕ್ಕೆ ಐದು ತಾಲ್ಲೂಕಿನ ಹೆಸರಿಡಿ. ಹೂವಿನಹಡಗಲಿಯ ತಂತಿಗೆ 20 ಮಿಲಿಸೆಕೆಂಡು ತಡ, ಕೂಡ್ಲಿಗಿಯದಕ್ಕೆ ನೂರಕ್ಕೆ 5 ಪ್ಯಾಕೆಟ್ ನಷ್ಟ, ಕೊಟ್ಟೂರಿಗೆ ಅರ್ಧ ಸೆಕೆಂಡಿನ ಉಪಗ್ರಹ ದಾರಿ, ಹಗರಿಬೊಮ್ಮನಹಳ್ಳಿಗೆ ಆಗಾಗ ಕಡಿಯುವ ಸಂಪರ್ಕ, ಹರಪನಹಳ್ಳಿಗೆ ಪೂರ್ತಿ ಮೌನ. ಯಾವ ಊರಿಗೆ ಯಾವ ಕಾಯಿಲೆ ಎಂಬುದನ್ನು ಮರುದಿನ ಅದಲು ಬದಲು ಮಾಡಿ.

ಮೌನಕ್ಕೂ ನಿರಾಕರಣೆಗೂ ವ್ಯತ್ಯಾಸವಿದೆ, ಎರಡನ್ನೂ ಬೇರೆಯಾಗಿಯೇ ಪರೀಕ್ಷಿಸಬೇಕು. ಯಂತ್ರ ಎದ್ದಿದ್ದು ಆ ಪೋರ್ಟಿನಲ್ಲಿ ಯಾರೂ ಇಲ್ಲದಿದ್ದರೆ "ಇಲ್ಲ" ಎಂಬ ಉತ್ತರ ಆ ಕ್ಷಣವೇ ಬರುತ್ತದೆ. ನಡುವಿನ ಫೈರ್‌ವಾಲ್ ಪ್ಯಾಕೆಟನ್ನು ನುಂಗಿದರೆ ಉತ್ತರವೇ ಇಲ್ಲ. ಲಿನಕ್ಸ್ ಆಗ ತನ್ನ ಪಾಡಿಗೆ ಆರು ಸಲ ಮರುಪ್ರಯತ್ನ ಮಾಡಿ ಕೈಚೆಲ್ಲುವ ಹೊತ್ತಿಗೆ ಎರಡು ನಿಮಿಷ ದಾಟಿರುತ್ತದೆ. ಎಷ್ಟು ಹೊತ್ತು ಕಾಯಬೇಕೆಂದು ತಂತ್ರಾಂಶ ತಾನೇ ಗೊತ್ತುಮಾಡಿಕೊಳ್ಳದಿದ್ದರೆ, ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟ ಮುದುಕಿ ಆ ಎರಡು ನಿಮಿಷವೂ ಹೆಬ್ಬೆರಳನ್ನು ಯಂತ್ರದ ಮೇಲಿಟ್ಟು ನಿಲ್ಲುತ್ತಾಳೆ.

ನ್ಯಾಯಬೆಲೆ ಅಂಗಡಿಯ ಮಾತು ಬಂದದ್ದರಿಂದ ಈ ವಿಷಯದ ಅತಿ ಕಷ್ಟದ ಭಾಗವನ್ನು ಅಲ್ಲಿಯೇ ನೋಡೋಣ. ಕಾರ್ಡಿನ ಸಂಖ್ಯೆ, ಬೆರಳಚ್ಚು ಸರ್ವರಿಗೆ ಹೋದವು. ಈ ತಿಂಗಳ ಅಕ್ಕಿ ಕೊಡಲಾಗಿದೆ ಎಂದು ಅದು ಬರೆದುಕೊಂಡಿತು. ಒಪ್ಪಿಗೆಯ ಉತ್ತರ ಹೊರಟಿತು, ಅಷ್ಟರಲ್ಲಿ ಸಿಗ್ನಲ್ ಹೋಯಿತು. ಅಂಗಡಿಯ ಯಂತ್ರಕ್ಕೆ ಕಾಣುವುದು ಉತ್ತರ ಬರಲಿಲ್ಲವೆಂಬುದಷ್ಟೇ. ಪ್ರಶ್ನೆ ತಲುಪಲಿಲ್ಲವೋ, ತಲುಪಿ ಉತ್ತರ ಕಳೆಯಿತೋ ಎಂದು ಹೇಳಲು ಅದಕ್ಕೆ ಯಾವ ದಾರಿಯೂ ಇಲ್ಲ. ನಂಬಲಾಗದ ದಾರಿಯ ಎರಡು ತುದಿಯಲ್ಲಿರುವವರು ಎಷ್ಟೇ ಸಂದೇಶ ವಿನಿಮಯ ಮಾಡಿಕೊಂಡರೂ ಇಬ್ಬರಿಗೂ ಪೂರ್ತಿ ಖಾತ್ರಿ ಸಿಗಲಾರದೆಂಬ ಈ ಸಂಗತಿಯನ್ನು ಅಕ್ಕೊಯುನ್ಲು, ಏಕನಾಧಮ್, ಹ್ಯೂಬರ್ ಎಂಬ ಮೂವರು 1975ರಲ್ಲಿ ಬರೆದರು. ಜಿಮ್ ಗ್ರೇ 1978ರಲ್ಲಿ ಅದಕ್ಕೆ ಇಬ್ಬರು ಸೇನಾಪತಿಗಳ ವಿರೋಧಾಭಾಸ ಎಂದು ಹೆಸರಿಟ್ಟರು. ಇದಕ್ಕೆ ಪರಿಹಾರವಿಲ್ಲವೆಂಬುದು ಗಣಿತದಲ್ಲೇ ಸಾಬೀತಾಗಿದೆ.

ಖಾತ್ರಿ ಸಿಗದಿದ್ದರೂ ಹಾನಿ ತಪ್ಪಿಸಬಹುದು. ಅಂಗಡಿಯ ಯಂತ್ರ ಪ್ರತಿ ವಹಿವಾಟಿಗೂ ಮೊದಲೇ ಒಂದು ವಿಶಿಷ್ಟ ಸಂಖ್ಯೆ ಹುಟ್ಟಿಸಿ, ಮರುಪ್ರಯತ್ನದಲ್ಲೂ ಅದೇ ಸಂಖ್ಯೆಯನ್ನು ಕಳಿಸಬೇಕು. ಸರ್ವರ್ ಆ ಸಂಖ್ಯೆಯನ್ನು ಈಗಾಗಲೇ ಕಂಡಿದ್ದರೆ ಹೊಸದಾಗಿ ಬರೆಯದೆ ಹಳೆಯ ಉತ್ತರವನ್ನೇ ಮತ್ತೆ ಕೊಡಬೇಕು. ಆಗ ಒಮ್ಮೆ ಒತ್ತಿದರೂ ಹತ್ತು ಸಲ ಒತ್ತಿದರೂ ಫಲ ಒಂದೇ. ಇದು ನಿಜಕ್ಕೂ ನಡೆಯುತ್ತದೆಯೇ ಎಂದು ತಿಳಿಯಲು ವಿಚಿತ್ರವಾದ ಸರ್ವರೊಂದು ಬೇಕು: ಕೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ, ಉತ್ತರ ಕಳಿಸುವ ಮುಂಚೆ ಸಂಪರ್ಕ ಕಡಿದುಕೊಳ್ಳುವ ಸರ್ವರ್. ನನ್ನ ಅಭಿಪ್ರಾಯದಲ್ಲಿ ಪರೀಕ್ಷೆಯ ಸರ್ವರ್‌ಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಬರೆಯಲು ಮೂವತ್ತು ಸಾಲು ಸಾಕು. ಅದು ಹಿಡಿದುಕೊಡುವ ತಪ್ಪಿಗೆ ಊರಿನಲ್ಲಿ ದಂಡ ತೆರುವವರು ಬೇರೆಯವರು. ಅಕ್ಕಿ ಸಿಗದ ಕುಟುಂಬದ ಹೆಸರಿನ ಮುಂದೆ "ಕೊಡಲಾಗಿದೆ" ಎಂದಿರುತ್ತದೆ, ಕೊಟ್ಟಿಲ್ಲವೆಂದು ಸಾಬೀತು ಮಾಡುವ ಹೊಣೆ ಅವರ ಮೇಲೇ ಬೀಳುತ್ತದೆ.

ಸಿಗ್ನಲ್‌ನ ಇದೇ ಪಾಡು ಉದ್ಯೋಗ ಖಾತ್ರಿಯದೂ ಹೌದು. ಆ ಕೆಲಸದ ಹಾಜರಾತಿಯನ್ನು ಎನ್‌ಎಂಎಂಎಸ್ ಆ್ಯಪ್‌ನಲ್ಲಿ ಫೋಟೊ ಸಮೇತ ದಿನಕ್ಕೆರಡು ಬಾರಿ ಹಾಕುವುದು 2023ರ ಜನವರಿ 1ರಿಂದ ಕಡ್ಡಾಯವಾಯಿತು. ಕೆರೆ ಹೂಳೆತ್ತುವ, ಬದು ಹಾಕುವ ಜಾಗಗಳು ಟವರ್ ನೋಡಿ ಆರಿಸಿದವಲ್ಲ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕಡೆ ಬಂಡೆಗುಡ್ಡಗಳ ನಡುವೆ ನಿಂತರೆ ಸಿಗ್ನಲ್ ಏಕೆ ಬಾರದೆಂದು ಬಿಡಿಸಿ ಹೇಳಬೇಕಿಲ್ಲ. ಇಂಥ ಆ್ಯಪ್‌ಗೆ ಬೇಕಾದ ಪರೀಕ್ಷೆ ಹೀಗೆ: ಫೋಟೊ ಅರ್ಧ ಏರಿದಾಗ ತಂತಿ ಕಡಿ, ಮೂರು ಗಂಟೆ ಬಿಟ್ಟು ಜೋಡಿಸು, ನಡುವೆ ಫೋನನ್ನೊಮ್ಮೆ ಆರಿಸಿ ಹಚ್ಚು. ಕೂಲಿಯವರ ಹಾಜರಿ ಅಷ್ಟಾದ ಮೇಲೂ ಉಳಿದಿರಬೇಕು, ಎರಡಾಗಿಯೂ ಇರಬಾರದು.

ಅರ್ಧ ಉತ್ತರದ ವಿಷಯದಲ್ಲಿ ಕನ್ನಡಕ್ಕೆ ತನ್ನದೇ ತೊಡಕಿದೆ. ಟಿಸಿಪಿ ಸಾಗಿಸುವುದು ಬೈಟ್‌ಗಳ ಹೊಳೆಯನ್ನು, ಪದಗಳನ್ನಲ್ಲ. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಕ್ಕೂ ಮೂರು. ಸಾಮಾನ್ಯ ಈಥರ್‌ನೆಟ್‌ನ ಒಂದು ಪ್ಯಾಕೆಟಿನಲ್ಲಿ 1,460 ಬೈಟ್‌ನಷ್ಟು ಹುರುಳು ಹಿಡಿಯುತ್ತದೆ. ಖಾಲಿ ಜಾಗವಿಲ್ಲದೆ ಬರೀ ಕನ್ನಡವೇ ಸಾಲಾಗಿ ಬಂದರೆ 486 ಸಂಕೇತ ತುಂಬಿ, 487ನೆಯದರ ಎರಡು ಬೈಟ್ ಇತ್ತ, ಒಂದು ಅತ್ತ ಆಗುತ್ತದೆ. ಬಂದಷ್ಟನ್ನು ಆಗಲೇ ಅಕ್ಷರವಾಗಿಸುವ ಅವಸರದ ತಂತ್ರಾಂಶ ಆ ಜಾಗದಲ್ಲಿ ಪ್ರಶ್ನೆಯ ಚಿಹ್ನೆಯುಳ್ಳ ಕರಿ ವಜ್ರವನ್ನು ಕೂರಿಸುತ್ತದೆ. ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿದವರಿಗೆ ಈ ತಪ್ಪು ಎಂದೂ ಕಾಣಿಸುವುದಿಲ್ಲ. ಒಂದೊಂದೇ ಬೈಟನ್ನು ಬಿಡುವು ಕೊಟ್ಟು ಕಳಿಸುವ ಸರ್ವರ್ ಕಟ್ಟಿ, ಅದರಿಂದ ಹಗರಿಬೊಮ್ಮನಹಳ್ಳಿ ಎಂಬ ಹೆಸರನ್ನು ಕಳಿಸಿ ನೋಡಿ: ರೋಮನ್ ಲಿಪಿಯಲ್ಲಿ 18 ಬೈಟ್, ಕನ್ನಡದಲ್ಲಿ 45. ಕೊಟ್ಟೂರಿನದು ಇನ್ನೂ ಸೂಕ್ಷ್ಮ. "ಕೊ" ಎಂಬುದರ ಒತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಮೊದಲನೆಯದರಲ್ಲಿ ಊರಿನ ಹೆಸರು 24 ಬೈಟ್, ಎರಡನೆಯದರಲ್ಲಿ 27. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರದಿದ್ದರೆ, ಕೊಟ್ಟೂರಿನಲ್ಲಿ ಹುಟ್ಟಿದವರಿಗೆ ಅಂಥ ಊರೇ ಇಲ್ಲವೆಂಬ ಉತ್ತರ ಬಂದೀತು.

ಇನ್ನು ಮರುಪ್ರಯತ್ನದ ವಿಷಯ. ಉತ್ತರ ಬಾರದಿದ್ದರೆ ಮತ್ತೆ ಕೇಳುವುದು ಸಹಜ. ಎಲ್ಲರೂ ಒಟ್ಟಿಗೆ ಹಾಗೆ ಕೇಳಿದರೆ ಏಳಲು ಹೆಣಗುವ ಸರ್ವರನ್ನು ಮತ್ತೆ ಕೆಡವಿದಂತೆ. 2003ರ ಮೇ ತಿಂಗಳಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಗಡಿಯಾರ ಸರ್ವರಿನ ಮೇಲೆ ಸೆಕೆಂಡಿಗೆ ಲಕ್ಷಗಟ್ಟಲೆ ಪ್ಯಾಕೆಟ್ ಸುರಿಯತೊಡಗಿದವು. ದಾಳಿಯೆಂದು ಭಾವಿಸಿದವರಿಗೆ ಕಂಡದ್ದು ಬೇರೆ. ನೆಟ್‌ಗೇರ್ ಕಂಪನಿಯ ಏಳು ಲಕ್ಷಕ್ಕೂ ಹೆಚ್ಚು ಮನೆಬಳಕೆಯ ರೂಟರ್‌ಗಳಲ್ಲಿ ಆ ಸರ್ವರಿನ ವಿಳಾಸವನ್ನು ತಂತ್ರಾಂಶದೊಳಗೇ ಕೊರೆದಿಡಲಾಗಿತ್ತು, ಜೊತೆಗೆ ಉತ್ತರ ಬಾರದಿದ್ದರೆ ಪ್ರತಿ ಸೆಕೆಂಡೂ ಕೇಳಬೇಕೆಂಬ ನಿಯಮವಿತ್ತು. ಅಲ್ಲಿನ ನೆಟ್‌ವರ್ಕ್ ಎಂಜಿನಿಯರ್ ಡೇವ್ ಪ್ಲೊಂಕಾ ಇದನ್ನು ಬಿಡಿಸಿ ಬರೆದ ವರದಿ ಇಂದಿಗೂ ಓದಲು ತಕ್ಕದ್ದು. ಉತ್ತರಿಸದ ಸರ್ವರೊಂದರ ಮುಂದೆ ಆ ರೂಟರನ್ನು ಒಂದು ಗಂಟೆ ಇಟ್ಟು ನೋಡಿದ್ದರೆ ಸಾಕಿತ್ತು, ಕಾರ್ಖಾನೆಯಲ್ಲೇ ತಪ್ಪು ಸಿಗುತ್ತಿತ್ತು.

ನಮ್ಮಲ್ಲಿ 2023ರ ಜೂನ್ 18ರಂದು ಗೃಹಜ್ಯೋತಿ ಯೋಜನೆಯ ನೋಂದಣಿ ಸೇವಾ ಸಿಂಧು ಜಾಲತಾಣದಲ್ಲಿ ತೆರೆದಾಗ ರಾಜ್ಯದ ಗ್ರಾಮ ಒನ್ ಕೇಂದ್ರಗಳೆಲ್ಲ ಒಟ್ಟಿಗೆ ಅದೇ ಬಾಗಿಲಿಗೆ ಬಂದವು. ಮೊದಲ ದಿನಗಳಲ್ಲಿ ಪುಟ ತೆರೆಯುವುದೇ ಕಷ್ಟವಾಗಿತ್ತು. ಜನ ಬೆರಳಿನಲ್ಲಿ ಮತ್ತೆ ಮತ್ತೆ ಒತ್ತುವುದನ್ನು ತಡೆಯಲಾಗದು. ತಂತ್ರಾಂಶ ಮಾತ್ರ ಸಂಯಮ ಕಲಿಯಬಹುದು. ಮೊದಲು 1 ಸೆಕೆಂಡು, ಆಮೇಲೆ 2, 4, 8 ಎಂದು ಬಿಡುವು ಹಿಗ್ಗಿಸುತ್ತಾ, ಆ ಬಿಡುವಿಗೆ ಅಷ್ಟಿಷ್ಟು ಯಾದೃಚ್ಛಿಕತೆ ಬೆರೆಸಿದರೆ ಒಟ್ಟಿಗೆ ಬಿದ್ದವರು ಚದುರಿ ಏಳುತ್ತಾರೆ. ಯಾದೃಚ್ಛಿಕತೆ ಇಲ್ಲದಿದ್ದರೆ ಅದೇ ಗುಂಪು ಒಂದನೇ, ಮೂರನೇ, ಏಳನೇ, ಹದಿನೈದನೇ ಸೆಕೆಂಡಿನಲ್ಲಿ ಒಟ್ಟಾಗಿಯೇ ಬರುತ್ತದೆ. ಪರೀಕ್ಷೆಯ ಸರ್ವರ್ ಇಲ್ಲಿ ಮಾಡಬೇಕಾದದ್ದು ಎಣಿಸುವ ಕೆಲಸ: ಎಷ್ಟು ಸಲ, ಎಷ್ಟೆಷ್ಟು ಹೊತ್ತಿಗೆ ಕೇಳಿದರು ಎಂದು ಬರೆದಿಡುವುದು.

ರೂಟರಿನಲ್ಲಿ ವಿಳಾಸ ಕೊರೆದಿಟ್ಟ ತಪ್ಪು ನಮ್ಮನ್ನು ಕಾನ್ಫಿಗರೇಶನ್ ಕಡೆಗೆ ತರುತ್ತದೆ. ಬದಲಾಗಬಹುದಾದ ಯಾವುದನ್ನೂ ತಂತ್ರಾಂಶದ ಒಡಲಲ್ಲಿ ಬರೆಯಬಾರದು, ಹೊರಗಿನ ಕಡತದಲ್ಲಿಡಬೇಕು. ಸರ್ವರಿನ ವಿಳಾಸ, ಪೋರ್ಟ್, ಕಾಯುವ ಅವಧಿ, ಮರುಪ್ರಯತ್ನದ ಮಿತಿ ಹೀಗೆ ಹೊರಗಿದ್ದರೆ ಅದೇ ತಂತ್ರಾಂಶ ಬೆಳಿಗ್ಗೆ ಮೇಜಿನ ಸರ್ವರಿನೊಡನೆ, ಮಧ್ಯಾಹ್ನ ನಿಜವಾದದ್ದರೊಡನೆ ಮಾತಾಡಬಲ್ಲದು. ಪರೀಕ್ಷೆಯ ಕಡತದಲ್ಲಿ ಬಾಯಿಗೆ ಬಂದ ವಿಳಾಸ ಬರೆಯುವುದೂ ತಪ್ಪು, ಅದು ಯಾರದೋ ನಿಜವಾದ ಯಂತ್ರವಾಗಿರಬಹುದು. ಉದಾಹರಣೆಗೆಂದೇ 192.0.2.0 ಯಿಂದ 192.0.2.255ರ ವರೆಗಿನ ವಿಳಾಸಗಳನ್ನು ಮೀಸಲಿಟ್ಟಿದ್ದಾರೆ. ಪರೀಕ್ಷೆಗೆಂದು "ಡಾಟ್ ಟೆಸ್ಟ್" ಎಂಬ ಹೆಸರಿನ ಕೊನೆಯನ್ನು 1999ರಿಂದ ಕಾದಿರಿಸಲಾಗಿದೆ.

ಬದಲಾಗದು ಎಂದು ನಂಬಿದ್ದೂ ಬದಲಾಗುತ್ತದೆ ಎನ್ನುವುದಕ್ಕೆ ಹರಪನಹಳ್ಳಿಗಿಂತ ಬೇರೆ ಸಾಕ್ಷಿ ಬೇಡ. ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು 1997ರ ಆಗಸ್ಟಿನಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು, ಮುಂದೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಕೊಟ್ಟೂರು ಕೂಡ್ಲಿಗಿಯ ಮಡಿಲಿನಿಂದ ಬೇರೆಯಾಗಿ ತಾಲ್ಲೂಕಾದದ್ದು 2017ರ ಬಜೆಟ್ಟಿನ ಘೋಷಣೆಯಿಂದ. ಹರಪನಹಳ್ಳಿ ಯಾವ ಜಿಲ್ಲೆ ಎಂಬ ಪ್ರಶ್ನೆಗೆ ತಾರೀಖಿಲ್ಲದೆ ಉತ್ತರವಿಲ್ಲ. ಆದ್ದರಿಂದ ಮೇಜಿನ ಸರ್ವರಿಗೆ ಸುಳ್ಳು ಗಡಿಯಾರವನ್ನೂ ಕೊಡಬೇಕು. 1996 ಎಂದರೆ ಬಳ್ಳಾರಿ, 1998 ಎಂದರೆ ದಾವಣಗೆರೆ, 2022 ಎಂದರೆ ವಿಜಯನಗರ ಎಂದು ಅದು ಹೇಳಬೇಕು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿ ಕೊಡುವ ಮೀಸಲಾತಿಗೆ ಅರ್ಹತೆ ಜಿಲ್ಲೆಯನ್ನು ಹಿಡಿದು ನಡೆಯುವುದರಿಂದ ಇಲ್ಲಿ ತಪ್ಪಿದರೆ ಹೋಗುವುದು ಒಬ್ಬ ವಿದ್ಯಾರ್ಥಿಯ ಸೀಟು.

ಸುಳ್ಳು ಗಡಿಯಾರದಿಂದ ಇನ್ನೊಂದು ಲಾಭವಿದೆ. ಸರ್ವರಿನ ಗುರುತುಚೀಟಿಯಾದ ಡಿಜಿಟಲ್ ಸರ್ಟಿಫಿಕೇಟ್‌ಗೆ ಅವಧಿಯಿರುತ್ತದೆ. ಅವಧಿ ಮೀರಿದ, ಹೆಸರು ಹೊಂದದ ಸರ್ಟಿಫಿಕೇಟ್ ಹಿಡಿದು ನಿಂತ ಸರ್ವರೊಂದನ್ನು ಕಟ್ಟಿ, ತಂತ್ರಾಂಶ ಅದನ್ನು ಒಪ್ಪದೆ ಹಿಂದೆ ಸರಿಯುವುದನ್ನು ಕಾಣಬೇಕು. ಪರೀಕ್ಷೆಗೆ ತೊಂದರೆಯಾಯಿತೆಂದು ಈ ತಪಾಸಣೆಯನ್ನೇ ಆರಿಸಿಡುವವರಿದ್ದಾರೆ. ಆರಿಸಿದ ಸಾಲು ಒಂದು ದಿನ ನಿಜವಾದ ಕಡತಕ್ಕೆ ನುಸುಳುತ್ತದೆ, ಆಗ ಜನರ ಆಧಾರ್ ಸಂಖ್ಯೆ ಯಾರ ಕೈಗಾದರೂ ಹೋದೀತು. ಪರೀಕ್ಷೆಗೆಂದು ಸ್ವಂತ ಸರ್ಟಿಫಿಕೇಟ್ ಪ್ರಾಧಿಕಾರವನ್ನು ಮೇಜಿನ ಮೇಲೆ ಹುಟ್ಟಿಸಿಕೊಳ್ಳಲು ಅರ್ಧ ಗಂಟೆಯೂ ಬೇಡ. ನಿಜವಾದ ಪಡಿತರ ಚೀಟಿಗಳ ಪಟ್ಟಿಯನ್ನು ಪರೀಕ್ಷೆಗೆ ನಕಲು ಮಾಡಿಕೊಳ್ಳುವುದಂತೂ ಸಲ್ಲದು. ಹುಟ್ಟಿಸಿದ ಹೆಸರು, ಹುಟ್ಟಿಸಿದ ಸಂಖ್ಯೆ ಸಾಕು.

ಮೇಜಿನ ಮೇಲಿನ ತಾಲ್ಲೂಕುಗಳಿಗೆ ಹಾಕಿದ 20 ಮಿಲಿಸೆಕೆಂಡು, ನೂರಕ್ಕೆ 5 ಎಂಬ ಅಂಕಿಗಳು ಊಹೆಯವು. ನಿಜವಾದವು ಊರಿಂದಲೇ ಬರಬೇಕು. 1983ರಲ್ಲಿ ಮೈಕ್ ಮೂಸ್ ಬರೆದ ಪಿಂಗ್ ಎಂಬ ಪುಟ್ಟ ತಂತ್ರಾಂಶ ಇದಕ್ಕೆ ಸಾಕು, ಸೆಕೆಂಡಿಗೊಮ್ಮೆ ಕೂಗಿ ಮರುದನಿ ಬರಲು ಹಿಡಿದ ಹೊತ್ತನ್ನು ಅದು ಅಳೆಯುತ್ತದೆ. ಪಂಚಾಯಿತಿ ಕಚೇರಿಯ ಫೈಬರಿನಲ್ಲಿ ಒಂದು ಇಡೀ ವಾರ, ತಿಂಗಳ ಮೊದಲ ದಿನಗಳಲ್ಲಿ ನ್ಯಾಯಬೆಲೆ ಅಂಗಡಿಯ ಮೊಬೈಲ್ ಸಿಮ್‌ನಲ್ಲಿ, ಕರೆಂಟು ಹೋಗಿ ಬಂದ ಮೇಲಿನ ಐದು ನಿಮಿಷದಲ್ಲಿ ಅಳೆಯಬೇಕು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕವೆಂಬ ಭವಿಷ್ಯವಾಣಿ ನುಡಿಯುವ ಸಂಜೆ, ಲಕ್ಷಾಂತರ ಜನರ ಫೋನುಗಳು ಕೆಲವೇ ಟವರ್‌ಗಳಿಗೆ ಜೋತುಬಿದ್ದಾಗಲೂ ಅಳೆಯಬೇಕು. ಹಾಗೆ ಸಿಕ್ಕ ಅಂಕಿಗಳಿಂದ ತಡದ ಹಂಚಿಕೆಯ ಕೋಷ್ಟಕ ತಯಾರಿಸಿ ಕೊಟ್ಟರೆ ನೆಟ್‌ಎಮ್ ಅದನ್ನೇ ಅನುಸರಿಸಿ ಪ್ಯಾಕೆಟ್‌ಗಳನ್ನು ತಡೆಯುತ್ತದೆ. ಅಲ್ಲಿಂದಾಚೆ ಬೆಂಗಳೂರಿನಲ್ಲಿ ಯಾರೇ ಒಂದು ಸಾಲು ತಿದ್ದಿದರೂ, ಆ ತಿದ್ದುಪಡಿ ಮೈಲಾರದ ಜಾತ್ರೆಯನ್ನು ಹಾದೇ ಹೊರಗೆ ಬರುತ್ತದೆ.